ಅಂಗಳದ ಸೌದೆ ಬಾಯ್ಲರ್: ಮೊದಲು ಪೈಪ್, ಆಮೇಲೆ ಒಲೆ

ನ್ಯೂಯಾರ್ಕ್ ರಾಜ್ಯದ ಗುಡ್ಡಗಾಡಿನಲ್ಲಿ ಹಳೆಯ ಫಾರ್ಮ್‌ಹೌಸ್ ಕೊಂಡ ಕನ್ನಡದವರು ಯಾರೇ ಫೋನ್ ಮಾಡಲಿ, ಮೊದಲ ಪ್ರಶ್ನೆ ಒಂದೇ: ‘ಅಕ್ಕಾ, ಯಾವ ಕಂಪನಿಯ ಬಾಯ್ಲರ್ ತಗೊಳ್ಳೋದು?’ ಉತ್ತರ ಕೊಡುವ ಮೊದಲು ನಾನು ಎರಡು ಮಾತು ಕೇಳುತ್ತೇನೆ. ನೆಲದಡಿ ಯಾವ ಪೈಪ್ ಹಾಕಿಸುತ್ತೀರಿ? ಬರುವ ಚಳಿಗಾಲದ ಸೌದೆ ಈಗ ಎಲ್ಲಿದೆ? ಈ ಎರಡಕ್ಕೆ ಉತ್ತರ ಇಲ್ಲದವರು ಎಂಥ ಒಳ್ಳೆ ಬಾಯ್ಲರ್ ತಂದರೂ ಚಳಿಗಾಲವಿಡೀ ಒಲೆಬುಡದಲ್ಲೇ ಒದ್ದಾಡುತ್ತಾರೆ.

ನಮ್ಮ ಮನೆ ಆಟ್‌ಸೀಗೊ ಕೌಂಟಿಯಲ್ಲಿದೆ. ನಮ್ಮ ರಸ್ತೆಗೆ ಗ್ಯಾಸ್ ಲೈನ್ ಬಂದಿಲ್ಲ. ಬೇಸ್‌ಮೆಂಟಿನಲ್ಲಿ ಆಯಿಲ್ ಫರ್ನೇಸ್ ಇದೆ, ಅದರ ಬಿಸಿಗಾಳಿ ಡಕ್ಟ್‌ಗಳಲ್ಲಿ ಕೋಣೆಗಳಿಗೆ ಹೋಗುತ್ತದೆ. ಅದನ್ನು ಹಾಗೇ ಉಳಿಸಿಕೊಂಡು, ಅಂಗಳದಲ್ಲಿ ಸೌದೆ ಬಾಯ್ಲರ್ ಕೂರಿಸಿದ್ದೇವೆ. ಹೊರಗಿನಿಂದ ನೋಡಿದರೆ ಚಿಮಣಿ ಇರುವ ಸಣ್ಣ ತಗಡಿನ ಗೂಡು. ಒಳಗೆ ಸೌದೆ ಉರಿಯುವ ಬೆಂಕಿಕೋಣೆ, ಅದರ ಸುತ್ತ ನೀರು. ನಾನು ಸಾಗರದ ಕಡೆಯವಳು. ನಮ್ಮೂರ ಬಚ್ಚಲ ಹಂಡೆ ಒಲೆಗೆ ಪಂಪು ಜೋಡಿಸಿ, ಆ ಬಿಸಿನೀರನ್ನು ನೆಲದಡಿ ಪೈಪಿನಲ್ಲಿ ಮನೆಗೆ ತಂದು, ಶಾಖ ಬಿಟ್ಟುಕೊಟ್ಟ ನೀರನ್ನು ಮತ್ತೆ ಹಂಡೆಗೆ ಕಳಿಸಿದರೆ ಏನಾಗುತ್ತದೋ ಇದೂ ಅದೇ. ಬೆಂಕಿ, ಹೊಗೆ, ಬೂದಿ, ಸೌದೆಯ ಜೊತೆ ಬರುವ ಹುಳುಹುಪ್ಪಟೆ ಎಲ್ಲ ಹೊರಗೇ ಉಳಿಯುತ್ತವೆ. ಮನೆಯೊಳಗೆ ಬರುವುದು ಬಿಸಿನೀರು ಮಾತ್ರ.

ಜಾಗ ಮತ್ತು ಕಾನೂನು

ಜಾಗ ಆರಿಸುವ ಮೊದಲು ನಿಮ್ಮ ಟೌನ್‌ನ ಕಟ್ಟಡ ನಿಯಮ ನೋಡಿಕೊಳ್ಳುವ ಕೋಡ್ ಆಫೀಸರನ್ನು ಕಾಣಿ. ಕೆಲವು ಟೌನ್‌ಗಳು ಅಂಗಳದ ಬಾಯ್ಲರನ್ನು ಪೂರ್ತಿ ನಿಷೇಧಿಸಿವೆ. ಕೆಲವು ಕಡೆ ಪರ್ಮಿಟ್ ಬೇಕು. ಇದರ ಮೇಲೆ ರಾಜ್ಯದ ನಿಯಮ ಬೇರೆ. ನ್ಯೂಯಾರ್ಕ್‌ನಲ್ಲಿ 2011ರಿಂದ ಹೊಸದಾಗಿ ಕೂರಿಸುವ ಮನೆಬಳಕೆಯ ಬಾಯ್ಲರ್ ಜಮೀನಿನ ಗಡಿಯಿಂದ ಕನಿಷ್ಠ 100 ಅಡಿ ಒಳಗಿರಬೇಕು, ಚಿಮಣಿ ನೆಲದಿಂದ ಕನಿಷ್ಠ 18 ಅಡಿ ಎತ್ತರ ಇರಬೇಕು. ಕೃಷಿ ಜಮೀನಿಗೆ ಬೇರೆ ಲೆಕ್ಕ ಇದೆ, ಅದನ್ನು ಕೇಳಿಕೊಳ್ಳಿ. ಇನ್ನು ಫೆಡರಲ್ ನಿಯಮದ ಪ್ರಕಾರ 2020ರ ಮೇ 15ರಿಂದ ಅಂಗಡಿಯಲ್ಲಿ ಮಾರುವ ಪ್ರತಿ ಹೊಸ ಬಾಯ್ಲರೂ, ಅದು ಕೊಡುವ 10 ಲಕ್ಷ ಬಿಟಿಯು (ಇಲ್ಲಿ ಶಾಖ ಅಳೆಯುವ ಏಕಮಾನ) ಶಾಖಕ್ಕೆ 0.10 ಪೌಂಡಿಗಿಂತ ಹೆಚ್ಚು ಹೊಗೆಕಣ ಬಿಡುವಂತಿಲ್ಲ. ಸೀಳಿದ ಸೌದೆಯನ್ನೇ ಉರಿಸಿ ಪರೀಕ್ಷೆ ಮಾಡಿದ್ದಾದರೆ 0.15. ಈ ಮಟ್ಟ ಮುಟ್ಟಬೇಕೆಂದರೆ ಹೊಗೆಯನ್ನೂ ಉರಿಸುವ ‘ಗ್ಯಾಸಿಫಿಕೇಶನ್’ ಮಾದರಿಯೇ ಬೇಕು. ಹಳೆ ಮಾದರಿಯ ಸೆಕೆಂಡ್ ಹ್ಯಾಂಡ್ ಬಾಯ್ಲರ್‌ಗಳು ಅಗ್ಗಕ್ಕೆ ಸಿಗುತ್ತವೆ, ದಯವಿಟ್ಟು ಆ ಕಡೆ ನೋಡಬೇಡಿ. ಅವು ಸೌದೆಯ ದೊಡ್ಡ ಪಾಲನ್ನು ಹೊಗೆ ಮಾಡಿ ಊರಿಗೆ ಹಂಚುತ್ತವೆ.

ನಿಯಮದ 100 ಅಡಿ ಪಾಲಿಸಿದರೆ ಕೆಲಸ ಮುಗಿಯಲಿಲ್ಲ. ನಮ್ಮ ಮನೆಯ ಪೂರ್ವಕ್ಕೆ, ಇಳಿಜಾರಿನ ಕೆಳಗೆ, ಉಬ್ಬಸ ಇರುವ ಅಜ್ಜಿಯೊಬ್ಬರಿದ್ದಾರೆ. ಇಲ್ಲಿ ಚಳಿಗಾಲದ ಗಾಳಿ ಹೆಚ್ಚಾಗಿ ಪಶ್ಚಿಮದಿಂದ, ವಾಯವ್ಯದಿಂದ ಬೀಸುತ್ತದೆ. ಗಾಳಿಯಿಲ್ಲದ ಕೊರೆಯುವ ಬೆಳಗಿನಲ್ಲಿ ತಣ್ಣಗಿನ ಗಾಳಿ ಕಣಿವೆಯಲ್ಲಿ ಕಟ್ಟಿಕೊಂಡು, ಹೊಗೆ ಮೇಲೇಳದೆ ಇಳಿಜಾರಿನಲ್ಲಿ ತೆವಳಿಕೊಂಡು ಹೋಗುತ್ತದೆ. ಅದಕ್ಕೇ ಬಾಯ್ಲರನ್ನು ಮನೆಯ ಉತ್ತರಕ್ಕೆ ತಂದು, ಚಿಮಣಿಯನ್ನು ನಿಯಮಕ್ಕಿಂತ ಎತ್ತರ ಮಾಡಿಸಿದೆವು. ನೀವೂ ಜಾಗ ಗುರುತು ಮಾಡುವ ಮೊದಲು ಬೇರೆಯವರ ಚಿಮಣಿ ಹೊಗೆ ಬೆಳಗಿನ ಹೊತ್ತು ಎತ್ತ ಹೋಗುತ್ತದೆ ನೋಡಿ. ಪಕ್ಕದವರ ಮನೆ ನಿಮ್ಮದಕ್ಕಿಂತ ಎತ್ತರದಲ್ಲಿದ್ದರೆ ನಿಮ್ಮ ಚಿಮಣಿಯ ಬಾಯಿ ಅವರ ಕಿಟಕಿಯ ಸಮಕ್ಕೆ ಬರುತ್ತದೆ ಎನ್ನುವುದು ನೆನಪಿರಲಿ. ಕೊಳ್ಳುವ ಮುಂಚೆಯೇ ಹೋಗಿ ಅವರೊಡನೆ ಮಾತಾಡಿ. ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಿ.

ಕೂರಿಸಲು ಗಟ್ಟಿ ನೆಲ ಬೇಕು. ಮಣ್ಣು ಕೆತ್ತಿ, ಜೆಲ್ಲಿ ಹಾಕಿ ದಮ್ಮಸ್ಸು ಮಾಡಿ, ಮೇಲೆ 4ರಿಂದ 6 ಇಂಚು ಕಾಂಕ್ರೀಟ್. ಬರೀ 200 ಗ್ಯಾಲನ್ ನೀರೇ 1,600 ಪೌಂಡ್ ಮೀರುತ್ತದೆ, ಕಬ್ಬಿಣದ ಭಾರ ಬೇರೆ. ಸೌದೆ ಕೊಟ್ಟಿಗೆ ಕೈಗಾಡಿ ತಳ್ಳುವಷ್ಟು ದೂರದಲ್ಲಿರಲಿ. ಒಲೆಯ ಬಾಯಿಗೇ ತಾಗಿಸಿ ಒಟ್ಟಬೇಡಿ.

ನೆಲದಡಿಯ ಪೈಪ್

ಇಲ್ಲಿ ನಿಧಾನಿಸಿ ಓದಿ. ದುಡ್ಡು ಉಳಿಸಲು ಎಲ್ಲರೂ ಕೈ ಹಾಕುವುದು ಇಲ್ಲಿಗೇ, ಪ್ರತಿ ಚಳಿಗಾಲ ಅದರ ದಂಡ ಕಟ್ಟುವುದೂ ಇಲ್ಲಿಯೇ.

ನೀರಿನಲ್ಲಿ ಎಷ್ಟು ಶಾಖ ಸಾಗುತ್ತದೆ ಎನ್ನಲು ಸುಲಭದ ಲೆಕ್ಕ ಒಂದಿದೆ. ನಿಮಿಷಕ್ಕೆ ಹರಿಯುವ ಗ್ಯಾಲನ್, ಅದನ್ನು 500ರಿಂದ ಗುಣಿಸಿ, ಹೋಗುವ ನೀರಿಗೂ ಮರಳುವ ನೀರಿಗೂ ಇರುವ ಫ್ಯಾರನ್‌ಹೀಟ್ ಅಂತರದಿಂದ ಮತ್ತೆ ಗುಣಿಸಿ. ಬರುವುದು ಗಂಟೆಗೆ ಇಷ್ಟು ಬಿಟಿಯು ಎಂದು. ನಿಮಿಷಕ್ಕೆ 8 ಗ್ಯಾಲನ್, 20 ಡಿಗ್ರಿ ಅಂತರವಾದರೆ 80,000 ಬಿಟಿಯು. ನಮ್ಮಂಥ ಮಧ್ಯಮ ಗಾತ್ರದ ಹಳೆ ಮನೆಗೆ ಕಡುಚಳಿಯ ರಾತ್ರಿಗೂ ಇಷ್ಟು ಸಾಕು. ಒಂದಿಂಚಿನ ‘ಪೆಕ್ಸ್’ ಎಂಬ ಪ್ಲಾಸ್ಟಿಕ್ ಪೈಪ್ ಇಷ್ಟು ನೀರನ್ನು ಆರಾಮಾಗಿ ಒಯ್ಯುತ್ತದೆ.

ಈಗ ಅದೇ ಲೆಕ್ಕವನ್ನು ನಷ್ಟಕ್ಕೆ ಹಾಕಿ. ನೆಲದಡಿ ಹೋಗಿಬರುವ ದಾರಿಯಲ್ಲಿ ನೀರು ಒಂದೇ ಒಂದು ಡಿಗ್ರಿ ತಣಿದರೆ ಗಂಟೆಗೆ 4,000 ಬಿಟಿಯು ಮಣ್ಣಿಗೆ. ಪಂಪು ಹಗಲೂ ರಾತ್ರಿ ಓಡುವುದರಿಂದ ದಿನಕ್ಕೆ 96,000. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ 200 ದಿನ ಎಂದು ಹಿಡಿದರೆ 1 ಕೋಟಿ 92 ಲಕ್ಷ. ಒಂದು ಕಾರ್ಡ್, ಅಂದರೆ 128 ಘನ ಅಡಿ ಒಟ್ಟಿಲು, ಒಳ್ಳೆಯ ಓಕ್ ಅಥವಾ ಮೇಪಲ್ ಸೌದೆಯಲ್ಲಿ ಸುಮಾರು 2 ಕೋಟಿ 40 ಲಕ್ಷ ಬಿಟಿಯು ಇರುತ್ತದೆ. ಅದರಲ್ಲಿ ನೂರಕ್ಕೆ 70 ಪಾಲು ನೀರಿಗೆ ಇಳಿದರೂ 1 ಕೋಟಿ 68 ಲಕ್ಷ. ಅಂದರೆ ದಾರಿಯಲ್ಲಿ ಕಳೆಯುವ ಒಂದೊಂದು ಡಿಗ್ರಿಗೂ ವರ್ಷಕ್ಕೆ ಒಂದು ಕಾರ್ಡಿಗಿಂತ ಹೆಚ್ಚು ಸೌದೆ ಹೋಯಿತು! ಕಡಿದು, ಸೀಳಿ, ಒಟ್ಟಿ, ಒಣಗಿಸಿ, ಹೊತ್ತು ತಂದ ಸೌದೆ ನೆಲದಡಿಯ ಎರೆಹುಳಕ್ಕೆ.

ಆದ್ದರಿಂದ ಪೈಪಿನ ಸುತ್ತ ಪಾಲಿಯುರೆಥೇನ್ ಫೋಮ್ ಗಟ್ಟಿಯಾಗಿ ತುಂಬಿ, ಹೊರಕವಚಕ್ಕೆ ಅಂಟಿಕೊಂಡೇ ಬರುವ ಮಾದರಿಯನ್ನೇ ಕೊಳ್ಳಿ. ಡ್ರೈನ್ ಪೈಪಿನೊಳಗೆ ಗುಳ್ಳೆ ಹಾಳೆ ಸುತ್ತಿದ ಪೆಕ್ಸ್ ತೂರಿಸಿ ಮಾರುವುದು ಅಗ್ಗ. ಆದರೆ ಅದರ ಕವಚಕ್ಕೆ ಎಲ್ಲಾದರೂ ನೀರು ನುಗ್ಗಿತೆಂದರೆ ಬಿಸಿ ಪೈಪು ತಣ್ಣೀರಿನಲ್ಲೇ ಮಲಗಿದ ಹಾಗೆ. ಹಿಮ ಬಿದ್ದ ಮಾರನೆಯ ದಿನ ಅಂಥ ಮನೆಗಳ ಅಂಗಳ ನೋಡಿದರೆ ಸಾಕು. ಬಾಯ್ಲರಿನಿಂದ ಮನೆವರೆಗೆ ಕಾಲುದಾರಿಯಂತೆ ಹಿಮ ಕರಗಿ ಹುಲ್ಲು ಕಾಣುತ್ತಿರುತ್ತದೆ.

ಅಗೆಯುವ ಮೊದಲು 811ಕ್ಕೆ ಫೋನ್ ಮಾಡಿ. ಕೆಲಸಕ್ಕೆ ಕನಿಷ್ಠ ಎರಡು ಪೂರ್ತಿ ಕೆಲಸದ ದಿನ ಮುಂಚೆ. ಬಂದು ನೆಲದಡಿಯ ವಿದ್ಯುತ್, ಫೋನ್ ಲೈನ್‌ಗಳಿಗೆ ಬಣ್ಣದ ಗುರುತು ಹಾಕಿ ಹೋಗುತ್ತಾರೆ, ಖರ್ಚಿಲ್ಲ. ನಿಮ್ಮದೇ ಸೆಪ್ಟಿಕ್ ಪೈಪು, ಬಾವಿಯ ಲೈನು ಎಲ್ಲಿದೆ ಎನ್ನುವುದನ್ನು ನೀವೇ ಗುರುತಿಸಬೇಕು. ನಮ್ಮ ಕಡೆ ನೆಲ ಸುಮಾರು 4 ಅಡಿ ಆಳದವರೆಗೆ ಹೆಪ್ಪುಗಟ್ಟುತ್ತದೆ. ಬಿಸಿನೀರು ಸದಾ ಹರಿಯುತ್ತಿರುವಷ್ಟು ಕಾಲ ಪೈಪು ಅಷ್ಟು ಆಳಕ್ಕೆ ಹೋಗಲೇಬೇಕೆಂದಿಲ್ಲ, ಆದರೆ ಪಂಪು ನಿಂತ ದಿನ ಆಳವೇ ಕಾಯುತ್ತದೆ. ಆಳಕ್ಕಿಂತ ಮುಖ್ಯ ನೀರು ನಿಲ್ಲದಿರುವುದು. ಒರತೆ ಇರುವ ಜಾಗ ಬಿಟ್ಟು, ಪೈಪಿಗಾಗಿ ಅಗೆದ ಚರಂಡಿಗೆ ಇಳಿಜಾರು ಕೊಡಿ. ಪೈಪು ಈ ತುದಿಯಿಂದ ಆ ತುದಿಗೆ ಒಂದೇ ತುಂಡಾಗಿರಲಿ, ಮಣ್ಣಿನಡಿ ಜಾಯಿಂಟ್ ಬೇಡವೇ ಬೇಡ. ಮೊದಲು ಕಲ್ಲಿಲ್ಲದ ಮರಳು, ಆಮೇಲೆ ಮಣ್ಣು, ಮೇಲ್ಮೈಗೆ ಒಂದಡಿ ಕೆಳಗೆ ಎಚ್ಚರಿಕೆಯ ಟೇಪು. ಬಾಯ್ಲರಿಗೆ ಕರೆಂಟು ತಂತಿ ಒಯ್ಯುವ ಕೊಳವೆ (ಕಾಂಡೂಯಿಟ್) ಬೇರೆಯಾಗಿಯೇ ಇರಲಿ, ಅದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್ನೇ ಮಾಡಲಿ. ಚರಂಡಿ ಮುಚ್ಚುವ ಮುಂಚೆ ಫೋಟೋ ತೆಗೆದು, ಮನೆಯ ಮೂಲೆಯಿಂದ ಅಳತೆ ಬರೆದಿಟ್ಟುಕೊಳ್ಳಿ.

ಮನೆಯೊಳಗಿನ ಜೋಡಣೆ

ಬಿಸಿನೀರು ಬೇಸ್‌ಮೆಂಟಿಗೆ ಬಂದ ಮೇಲೆ ಮೊದಲು ಪ್ಲೇಟ್ ಹೀಟ್ ಎಕ್ಸ್‌ಚೇಂಜರ್. ಇಟ್ಟಿಗೆಯಷ್ಟೇ ದೊಡ್ಡದು. ಒಂದು ಕಡೆ ಬಾಯ್ಲರ್ ನೀರು, ಇನ್ನೊಂದು ಕಡೆ ಸ್ನಾನಕ್ಕೂ ಪಾತ್ರೆಗೂ ಹೋಗುವ ನೀರು, ನಡುವೆ ತೆಳು ಸ್ಟೀಲ್ ಹಾಳೆಗಳು. ಎರಡೂ ಬೆರೆಯುವುದಿಲ್ಲ. ಅಲ್ಲಿಂದ ಹೊರಟ ನೀರು ಆಯಿಲ್ ಫರ್ನೇಸಿನ ಮೇಲೆ ಬಿಸಿಗಾಳಿ ಸೇರುವ ತಗಡಿನ ಪೆಟ್ಟಿಗೆಯಲ್ಲಿ (ಪ್ಲೀನಮ್) ಕೂರಿಸಿದ ಸುರುಳಿ ಪೈಪಿನ ಕಾಯಿಲ್‌ಗೆ ಹೋಗುತ್ತದೆ. ಕೋಣೆಯ ಬಿಸಿ ನೋಡುವ ಥರ್ಮೋಸ್ಟ್ಯಾಟ್ ಶಾಖ ಕೇಳಿದಾಗ ಫರ್ನೇಸಿನ ಫ್ಯಾನು ಮಾತ್ರ ತಿರುಗಿ, ಕಾಯಿಲ್ ಮೂಲಕ ಗಾಳಿ ದಾಟಿಸುತ್ತದೆ, ಆಯಿಲ್ ಉರಿಯುವುದಿಲ್ಲ. ಆಯಿಲಿಗೆ ಬೇರೆ ಥರ್ಮೋಸ್ಟ್ಯಾಟ್ ಇಟ್ಟು 5 ಡಿಗ್ರಿ ಕೆಳಗೆ ಹಿಡಿದಿಟ್ಟರೆ, ಬೆಂಕಿ ಆರಿದ ರಾತ್ರಿ ಅದೇ ತಾನಾಗಿ ಎದ್ದು ಮನೆ ಕಾಯುತ್ತದೆ.

ಮಕ್ಕಳಿರುವ ಮನೆಯವರು ಇದೊಂದನ್ನು ತಪ್ಪಿಸಬೇಡಿ. ಬಾಯ್ಲರ್ ನೀರು 180 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 82 ಸೆಲ್ಸಿಯಸ್ ಇರುತ್ತದೆ. ಪ್ಲೇಟ್ ದಾಟಿದ ನಲ್ಲಿನೀರೂ ಕೈ ಬೇಯಿಸುವಷ್ಟು ಬಿಸಿಯಾಗಬಹುದು. ಅದಕ್ಕೆ ತಣ್ಣೀರು ಬೆರೆಸಿ 120 ಡಿಗ್ರಿಗೆ ಇಳಿಸುವ ಮಿಕ್ಸಿಂಗ್ ವಾಲ್ವ್ ಕಡ್ಡಾಯ. ಪ್ಲಂಬರ್ ‘ಆಮೇಲೆ ಹಾಕೋಣ’ ಎಂದರೆ ಒಪ್ಪಬೇಡಿ.

ಇನ್ನೊಂದು ವಾಲ್ವ್ ಬಾಯ್ಲರಿನ ಆರೋಗ್ಯಕ್ಕೆ. ಮರಳುವ ನೀರು 140 ಡಿಗ್ರಿಗಿಂತ ತಣ್ಣಗಾದರೆ ಬೆಂಕಿಕೋಣೆಯ ಗೋಡೆಯಲ್ಲಿ ಹೊಗೆಯ ತೇವ ಹನಿಗಟ್ಟಿ, ಟಾರಿನಂಥ ಕ್ರಿಯೋಸೋಟ್ ಅಂಟಿ, ಒಳಗಿನಿಂದ ತುಕ್ಕು ಹಿಡಿಯುತ್ತದೆ. ಮರಳುವ ನೀರಿಗೆ ಸ್ವಲ್ಪ ಬಿಸಿನೀರು ಬೆರೆಸುವ ಥರ್ಮೋಸ್ಟ್ಯಾಟಿಕ್ ವಾಲ್ವ್ ಇದನ್ನು ತಡೆಯುತ್ತದೆ. ಪಂಪನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಕೂರಿಸಿ, ಎರಡೂ ಬದಿಗೆ ಬಾಲ್ ವಾಲ್ವ್ ಹಾಕಿಸಿ. ಜನವರಿಯಲ್ಲಿ ಪಂಪು ಕೆಟ್ಟರೆ ನೀರು ಖಾಲಿ ಮಾಡದೆ ಬದಲಿಸಬಹುದು. ಒಂದು ಹೊಸ ಪಂಪು ಸದಾ ಮನೆಯಲ್ಲಿರಲಿ.

ನೀರು ತುಂಬುವಾಗ ಕೆಳಗಿನಿಂದ ಮೇಲಕ್ಕೆ ತುಂಬಿ, ಗಾಳಿಯೆಲ್ಲ ಮೇಲೆ ಹೋಗಲಿ. ಹೆಚ್ಚಿನ ಅಂಗಳದ ಬಾಯ್ಲರ್‌ಗಳು ಮೇಲೆ ಬಾಯಿ ತೆರೆದವು, ಒಳಗೆ ಒತ್ತಡ ಕಟ್ಟಿಕೊಳ್ಳುವುದಿಲ್ಲ. ಆ ವೆಂಟನ್ನು ಯಾವ ಕಾರಣಕ್ಕೂ ಮುಚ್ಚಬಾರದು. ತೆರೆದ ನೀರಿಗೆ ಗಾಳಿಯ ಆಮ್ಲಜನಕ ಸೇರುತ್ತಿರುವುದರಿಂದ ತುಕ್ಕು ತಡೆಯುವ ಔಷಧವನ್ನು ತಯಾರಕರು ಹೇಳಿದ ಅಳತೆಗೆ ಹಾಕಿ, ವರ್ಷಕ್ಕೊಮ್ಮೆ ನೀರಿನ ಸ್ಯಾಂಪಲ್ ಪರೀಕ್ಷೆ ಮಾಡಿಸಿ. ಬಾಯ್ಲರ್ ಸಾಯುವುದು ಬೆಂಕಿಯಿಂದಲ್ಲ, ತುಕ್ಕಿನಿಂದ.

ಎಲ್ಲ ಮುಗಿದ ಮೇಲೆ ಒಂದೇ ಥರ್ಮಾಮೀಟರಿನಲ್ಲಿ ಬಾಯ್ಲರ್ ಬಿಡುವಲ್ಲಿ ಒಮ್ಮೆ, ಬೇಸ್‌ಮೆಂಟ್ ಸೇರುವಲ್ಲಿ ಒಮ್ಮೆ ಪೈಪಿನ ಬಿಸಿ ಅಳೆಯಿರಿ. ಎರಡು ಅಳತೆಗೂ ಅಂತರ ಒಂದು ಡಿಗ್ರಿ ಒಳಗಿದ್ದರೆ ಚರಂಡಿ ಕೆಲಸ ಚೆನ್ನಾಗಿ ಆಗಿದೆ. ಐದಾರು ಡಿಗ್ರಿ ಇದ್ದರೆ ಮೇಲಿನ ಲೆಕ್ಕ ಕಾಂಟ್ರಾಕ್ಟರಿಗೆ ತೋರಿಸಿ, ಪೂರ್ತಿ ದುಡ್ಡು ಕೊಡುವ ಮುಂಚೆ.

ಸೌದೆ

ನಮ್ಮೂರಲ್ಲಿ ಮಳೆ ಹಿಡಿಯುವ ಮೊದಲು ಸೌದೆ ಕೊಟ್ಟಿಗೆ ತುಂಬದಿದ್ದರೆ ಆ ಮನೆಯ ಬಗ್ಗೆ ಊರೇ ಮಾತಾಡುತ್ತದೆ. ಇಲ್ಲಿ ಅದೇ ಕೆಲಸವನ್ನು ಎರಡು ವರ್ಷ ಮುಂಚೆ ಮಾಡಬೇಕು. ಸೀಳಿದ ಓಕ್ ಒಣಗಲು ಎರಡು ಬೇಸಿಗೆ ಬೇಕು, ಮೇಪಲ್, ಚೆರ್ರಿ, ಆ್ಯಶ್‌ಗೆ ಒಂದು. ‘ಸೀಸನ್ಡ್’, ಅಂದರೆ ಒಣಗಿದ್ದು, ಎಂದು ಮಾರಾಟಗಾರ ಹೇಳುವುದನ್ನು ನಂಬದೆ, ತೇವ ಅಳೆಯುವ ಮೀಟರ್ ಇಟ್ಟುಕೊಳ್ಳಿ. ಹೊರಮೈಗೆ ಚುಚ್ಚಿ ನೋಡಿದರೆ ಎಲ್ಲ ಸೌದೆಯೂ ಒಣಗಿದಂತೆಯೇ ತೋರುತ್ತದೆ. ಒಂದು ತುಂಡನ್ನು ಆಗಲೇ ಸೀಳಿ, ಹೊಸ ಮುಖದ ನಡುವೆ ಚುಚ್ಚಿ. 20ರಿಂದ 25 ಶೇಕಡಾ ಬಂದರೆ ಉರಿಸಬಹುದು, 30 ದಾಟಿದರೆ ಇನ್ನೊಂದು ಬೇಸಿಗೆ ಕಾಯಲಿ.

ಒಂದು ಕಾರ್ಡ್ ಹಸಿ ಓಕ್ ಒಣಗುವಾಗ 1,300 ಪೌಂಡಿಗೂ ಮಿಕ್ಕ ನೀರು ಬಿಡುತ್ತದೆ. ಈ ನೀರನ್ನು ಆವಿ ಮಾಡಲು ಹೋಗುವ ಶಾಖ ಪೌಂಡಿಗೆ ಸುಮಾರು 1,000 ಬಿಟಿಯು. ಲೆಕ್ಕ ಹಾಕಿದರೆ ಇಡೀ ಕಾರ್ಡಿನ ಶಾಖದಲ್ಲಿ ಅದು ಸಣ್ಣ ಪಾಲು. ಅದಕ್ಕೇ ‘ಹಸಿಯಾದರೂ ಉರಿಯುತ್ತಲ್ಲ’ ಎನ್ನುವವರು ತುಂಬ. ನಿಜವಾದ ನಷ್ಟ ಬೇರೆ ಕಡೆ ಇದೆ. ಗ್ಯಾಸಿಫಿಕೇಶನ್ ಬಾಯ್ಲರಿನಲ್ಲಿ ಸೌದೆಯಿಂದ ಎದ್ದ ಹೊಗೆ ಕೆಳಗಿನ ಇನ್ನೊಂದು ಕೋಣೆಯಲ್ಲಿ, ಸುಮಾರು 2,000 ಡಿಗ್ರಿ ಫ್ಯಾರನ್‌ಹೀಟ್ ಬಿಸಿಯಲ್ಲಿ, ಮತ್ತೊಮ್ಮೆ ಉರಿಯುತ್ತದೆ. ಹಸಿ ಸೌದೆಯ ಆವಿ ಆ ಉರಿಯನ್ನು ತಣಿಸುತ್ತದೆ, ಹೊಗೆ ಉರಿಯದೆ ಹಾಗೇ ಹೊರಟುಹೋಗುತ್ತದೆ. ಹೋಗುವಾಗ ದಾರಿಯಲ್ಲಿ ಕಪ್ಪಗೆ ಅಂಟಿಕೊಂಡು ಗಾಳಿಯ ತೂತುಗಳನ್ನೂ ಮುಚ್ಚುತ್ತದೆ.

ನಮ್ಮ ಮನೆಗೆ ಒಂದು ಚಳಿಗಾಲಕ್ಕೆ ಸುಮಾರು ಎಂಟು ಕಾರ್ಡ್ ಬೇಕು. ಕಾರ್ಡ್ ಎಂದರೆ 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದದ ಒಟ್ಟಿಲು, 128 ಘನ ಅಡಿ. ‘ಫೇಸ್ ಕಾರ್ಡ್’ ಅದರ ಮೂರನೇ ಒಂದು ಭಾಗ ಮಾತ್ರ ಇರಬಹುದು, ದರ ಕೇಳುವಾಗ ಯಾವುದೆಂದು ಕೇಳಿ. ಒಟ್ಟಿಲನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ ಒಟ್ಟಿ. ತಲೆ ಮಾತ್ರ ಮುಚ್ಚಿ, ಬದಿಗೆ ಗಾಳಿ ಆಡಲಿ. ಈಗ ಈ ಕಡೆ ಒಣಗಿ ನಿಂತ ಆ್ಯಶ್ ಮರ ಧಾರಾಳ. ಎಮರಾಲ್ಡ್ ಆ್ಯಶ್ ಬೋರರ್ ಎಂಬ ಹಸಿರು ಜೀರುಂಡೆ 2009ರಲ್ಲಿ ನ್ಯೂಯಾರ್ಕ್‌ನಲ್ಲಿ ಮೊದಲು ಸಿಕ್ಕಿತು, ಆಮೇಲೆ ಕಾಡಿಗೆ ಕಾಡೇ ಸಾಯುತ್ತಿದೆ. ಒಳ್ಳೆಯ ಸೌದೆ ನಿಜ, ಆದರೆ ಸತ್ತ ಆ್ಯಶ್ ಬಹಳ ಪೆಡಸು, ಕಡಿಯುವಾಗ ಮೇಲಿನ ಕೊಂಬೆ ತಲೆಗೆ ಬೀಳುತ್ತದೆ. ಅನುಭವಸ್ಥರಿಂದಲೇ ಕಡಿಸಿ. ಹುಳ ಹರಡಬಾರದೆಂದು ಶಾಖ ಕೊಟ್ಟು ಸಂಸ್ಕರಿಸದ ಸೌದೆಯನ್ನು 50 ಮೈಲಿಗಿಂತ ದೂರ ಸಾಗಿಸುವುದನ್ನು ಈ ರಾಜ್ಯ ನಿಷೇಧಿಸಿದೆ. ಹತ್ತಿರದಲ್ಲೇ ಕೊಳ್ಳಿ.

ಕಸ, ಪ್ಲಾಸ್ಟಿಕ್, ಬಣ್ಣ ಬಳಿದ ಹಲಗೆ, ಔಷಧ ಕುಡಿಸಿದ ಡೆಕ್ ಮರ ಒಲೆಗೆ ಹಾಕಬೇಡಿ. ಕಾನೂನು ಬಿಡುವುದಿಲ್ಲ ಎನ್ನುವುದು ಒಂದು. ಅದರ ವಿಷ ಮೊದಲು ಮುಟ್ಟುವುದು ನಿಮ್ಮ ಮಕ್ಕಳು ಆಡುವ ಅಂಗಳವನ್ನೇ ಎನ್ನುವುದು ದೊಡ್ಡದು.

ದಿನದಿನದ ಉರಿ

ಮೊದಲ ಸಲ ಹೊತ್ತಿಸಿದಾಗ ತಣ್ಣನೆಯ ಕಬ್ಬಿಣ ಬೆವರುತ್ತದೆ, ಬಾಗಿಲಡಿ ನೀರು ಇಳಿಯುತ್ತದೆ. ಸೋರುತ್ತಿದೆ ಎಂದು ಗಾಬರಿಯಾಗಬೇಡಿ, ನೀರು 150 ಡಿಗ್ರಿ ದಾಟಿದ ಮೇಲೆ ನಿಲ್ಲುತ್ತದೆ. ಆಮೇಲೂ ನಿಲ್ಲದಿದ್ದರೆ ಡೀಲರನ್ನು ಕರೆಯಿರಿ.

ಬಾಗಿಲು ತೆಗೆಯುವುದನ್ನು ಮನೆಯ ದೊಡ್ಡವರೆಲ್ಲ ಒಂದೇ ರೀತಿ ಕಲಿಯಬೇಕು. ಮೊದಲು ಬೆಂಕಿಗೆ ಗಾಳಿ ಊದುವ ಬಾಯ್ಲರಿನ ಫ್ಯಾನ್ ಆಫ್. ಆಮೇಲೆ ಬೈಪಾಸ್ ತೆರೆದು ಹೊಗೆ ಚಿಮಣಿಗೆ ಹೋಗಲು ಬಿಡಿ. ಬಾಗಿಲ ಬದಿಗೆ ನಿಂತು ಒಂದಿಂಚು ಮಾತ್ರ ಸರಿಸಿ, ಕಾಯಿರಿ. ಒಳಗೆ ಕಟ್ಟಿಕೊಂಡ ಹೊಗೆಗೆ ಒಮ್ಮೆಲೇ ಗಾಳಿ ಸಿಕ್ಕಿದರೆ ಭಗ್ಗನೆ ಹೊತ್ತಿ ಮುಖಕ್ಕೆ ಬರುತ್ತದೆ. ಹೊಗೆ ಎಳೆದುಕೊಂಡ ಮೇಲೆ ಪೂರ್ತಿ ತೆರೆಯಿರಿ. ಚರ್ಮದ ಗ್ಲೌಸ್, ಹತ್ತಿ ಬಟ್ಟೆ. ನೈಲಾನ್ ಜಾಕೆಟ್ಟು, ಜೋತಾಡುವ ಶಾಲು, ಸೀರೆ ಸೆರಗು ಬೇಡ.

ಸೌದೆ ಹಾಕುವ ಮೊದಲು ಕೆಂಡವನ್ನು ಸಮವಾಗಿ ಹರಡಿ, ಗಾಳಿಯ ಸೀಳುಗಳು ಕಾಣುವಂತೆ ಕೆದಕಿ. ಕೆಂಡದ ಹಾಸು ನಾಲ್ಕಾರು ಇಂಚು ಯಾವಾಗಲೂ ಇರಲಿ. 4ರಿಂದ 6 ಇಂಚು ದಪ್ಪದ ಸೀಳು ಚೆನ್ನ, ದೊಡ್ಡ ಕೊರಡು ಬರೀ ಹೊಗೆಯಾಡುತ್ತದೆ. ನಾನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತುಂಬುತ್ತೇನೆ, ಅದೂ ಹವಾಮಾನ ನೋಡಿ. ಬಿಸಿಲಿನ ದಿನ ಪೂರ್ತಿ ತುಂಬಿಸಿದರೆ ಮನೆ ಶಾಖ ಕೇಳುವುದಿಲ್ಲ, ಫ್ಯಾನು ನಿಂತು ಸೌದೆ ಗಂಟೆಗಟ್ಟಲೆ ಕಮರುತ್ತದೆ. ಕ್ರಿಯೋಸೋಟ್ ಹುಟ್ಟುವುದೂ, ಅಜ್ಜಿಯ ಮನೆ ಕಡೆ ಹೊಗೆ ಹರಿಯುವುದೂ ಆಗಲೇ. 12 ಗಂಟೆಗೆ ಬೇಕಾಗುವಷ್ಟೇ ಹಾಕಿ, ಜೋರಾಗಿ ಉರಿದು ಮುಗಿಯಲಿ. ಬೆಂಕಿ ಹತ್ತಿದ ಸ್ವಲ್ಪ ಹೊತ್ತಿಗೆ ಚಿಮಣಿಯಲ್ಲಿ ಬರೀ ಶಾಖದ ಅಲೆ ಅಥವಾ ಬಿಳಿ ಆವಿ ಕಾಣಬೇಕು. ಬೂದುಬಣ್ಣದ ಹೊಗೆ ನಿಲ್ಲದಿದ್ದರೆ ಸೌದೆ ಹಸಿ ಅಥವಾ ಗಾಳಿಯ ದಾರಿ ಕಟ್ಟಿದೆ.

ವಾರಕ್ಕೊಮ್ಮೆ ಕೆಳಗಿನ ಕೋಣೆಯ ಬೂದಿ ತೆಗೆದು, ಹೊಗೆ ಹಾಯುವ ಕೊಳವೆಗಳನ್ನು ಬ್ರಷ್‌ನಿಂದ ಉಜ್ಜುತ್ತೇನೆ. ಬೂದಿಯಡಿ ಕೆಂಡ ದಿನಗಟ್ಟಲೆ ಜೀವಂತ ಇರುತ್ತದೆ. ಮುಚ್ಚಳವಿರುವ ಕಬ್ಬಿಣದ ಡಬ್ಬಿಗೆ ಹಾಕಿ, ಮರದ ಕಟ್ಟೆಯಿಂದ ದೂರ ಇಡಿ. ತಣಿದ ಮೇಲೆ ತರಕಾರಿ ಹಾಸಿಗೆಗೆ ಸ್ವಲ್ಪ ಹರಡಬಹುದು. ಬ್ಲೂಬೆರಿ, ಆಲೂಗಡ್ಡೆ ಬೆಳೆಯುವಲ್ಲಿ ಮಾತ್ರ ಬೇಡ, ಅವಕ್ಕೆ ಹುಳಿ ಮಣ್ಣು ಬೇಕು.

ಐಸ್ ಸ್ಟಾರ್ಮ್ ಬಂದು ಕರೆಂಟು ಹೋದರೆ ಪಂಪು ನಿಲ್ಲುತ್ತದೆ. ಆಗ ಎರಡು ಅಪಾಯ: ಬಾಯ್ಲರಿನಲ್ಲಿ ನೀರು ಕುದಿಯುವುದು, ಪೈಪಿನಲ್ಲಿ ಹೆಪ್ಪುಗಟ್ಟುವುದು. ಪಂಪಿಗೂ ಬಾಯ್ಲರಿನ ಫ್ಯಾನಿಗೂ ಬೇಕಾಗುವ ಕರೆಂಟು ಕೆಲವು ನೂರು ವ್ಯಾಟ್ ಅಷ್ಟೇ. 2,000 ವ್ಯಾಟಿನ ಸಣ್ಣ ಜನರೇಟರ್ ಸಾಕು, ಅದನ್ನು ಮನೆಯಿಂದ ದೂರ, ಬಯಲಲ್ಲೇ ಓಡಿಸಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಮನೆಯಲ್ಲಿ ಇರಲೇಬೇಕು. ಜನವರಿಯಲ್ಲಿ ಊರಿಗೆ ಹೊರಟರೆ ಬೆಂಕಿ ಆರಿಸಿ, ಪಂಪು ಓಡುತ್ತಲೇ ಇರಲಿ. ಆಯಿಲ್ ಫರ್ನೇಸಿನ ಬಿಸಿಗಾಳಿ ಅದೇ ಕಾಯಿಲನ್ನು ದಾಟುವುದರಿಂದ ಶಾಖ ಹಿಂದುಮುಂದಾಗಿ ಹರಿದು ಅಂಗಳದ ನೀರನ್ನೂ ಹೆಪ್ಪುಗಟ್ಟದಂತೆ ಕಾಯುತ್ತದೆ. ಆದರೂ ದಿನಕ್ಕೊಮ್ಮೆ ಬಂದು ನೋಡುವವರಿಗೆ ಬೀಗದ ಕೈ ಕೊಟ್ಟು ಹೋಗಿ.

ಮೇ ತಿಂಗಳಲ್ಲಿ ಆರಿಸಿದ ಮೇಲೆ ಬೂದಿಯ ಒಂದು ಚಮಚವೂ ಒಳಗೆ ಉಳಿಯಬಾರದು. ಬೇಸಿಗೆಯ ತೇವ ಹೀರಿ ಅದು ಕಬ್ಬಿಣವನ್ನು ತಿನ್ನುತ್ತದೆ. ಗೋಡೆ ಕೆರೆದು, ಚಿಮಣಿಗೆ ಮುಚ್ಚಳ ಹಾಕಿ. ನೀರನ್ನು ಮಾತ್ರ ಖಾಲಿ ಮಾಡಬೇಡಿ, ಖಾಲಿ ಗೋಡೆಗೆ ಗಾಳಿ ತಾಗಿದರೆ ತುಕ್ಕು ಬೇಗ. ಸ್ಯಾಂಪಲ್ ಬಾಟಲಿ ತುಂಬಿಸಿ ಪರೀಕ್ಷೆಗೆ ಕಳಿಸಿ, ಹೊಗೆ ಸೋರದಂತೆ ಬಾಗಿಲ ಸುತ್ತ ಕೂರಿಸಿದ ಹಗ್ಗ ಸವೆದಿದ್ದರೆ ಬದಲಿಸಿ. ಅದೇ ವಾರ ಸೌದೆಯವನಿಗೆ ಫೋನ್ ಮಾಡಿ ಓಕ್ ಹೇಳಿಬಿಡಿ. ಬರುವ ಚಳಿಗಾಲಕ್ಕಲ್ಲ, ಅದರ ಮುಂದಿನದಕ್ಕೆ.